ಯಾರ ಕಲ್ಲಿಗೋ ಎರೆದ ಹಾಲು

ಬುಟ್ಟಿಯಲ್ಲಿದ್ದ ಕಣಗಿಲೆ ಹೂಗಳಲ್ಲಿ ಎರಡನ್ನು ರೂಪ ಬೇರೆ ತೆಗೆದಿಟ್ಟುಕೊಂಡಳು. ಒಂದು ಪೂರ್ತಿ ಅರಳಿ, ತೊಟ್ಟು ಸಡಿಲಾಗಿ, ಉಸಿರು ತಾಕಿದರೂ ಉದುರುವಷ್ಟು ಮಾಗಿತ್ತು. ಇನ್ನೊಂದು ಈಗಷ್ಟೇ ಬಿರಿದದ್ದು, ಹಗುರ. ಒದ್ದೆ ಕಲ್ಲಿಗೆ ಅಂಟಿಸಿದರೆ ಬಿಸಿಲೇರುವ ತನಕ ಕದಲದು. ಘಾಟಿ ಕ್ಷೇತ್ರದಲ್ಲಿ ನಾಗರಕಟ್ಟೆಗೆ ಹೋಗುವ ದಾರಿಯ ಬದಿಗೆ ಮದುವೆಯಾಗಿ ಬಂದ ಹೊಸದರಿಂದಲೂ ಹೂವಿನಂಗಡಿ ಇಟ್ಟುಕೊಂಡವಳು ಅವಳು. ಯಾವ ಹೂ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಬೆರಳಿಗೇ ಗೊತ್ತು. ನಾಗಪ್ಪನ ಬಲಗಡೆಯ ಹೂ ಮೊದಲು ಬಿದ್ದರೆ ಹುಡುಗಿ ಹೋಗಲಿ, ಎಡಗಡೆಯದು ಬಿದ್ದರೆ ಬೇಡ ಎಂದು ಅತ್ತೆ ಲಕ್ಕಮ್ಮ ನಿನ್ನೆ ಊಟದ ತಟ್ಟೆ ಮುಂದೆ ತೀರ್ಮಾನ ಮಾಡಿದ್ದರು. ಮಾಗಿದ ಹೂವನ್ನು ಎಡಕ್ಕೆ ಅಂಟಿಸಿದರೆ ಆಯಿತು. ಹಾಗೇನೂ ನಾನು ಯೋಚಿಸುತ್ತಿಲ್ಲ, ಸುಮ್ಮನೆ ಹೂ ಆರಿಸುತ್ತಿದ್ದೇನೆ ಎಂದು ರೂಪ ತನಗೇ ಹೇಳಿಕೊಂಡಳು. ಹೇಳಿಕೊಂಡಾಗ ಮುಖ ಬಿಸಿಯಾಯಿತು. ಸುತ್ತ ಯಾರೂ ಇರಲಿಲ್ಲ. ಕಾರ್ತಿಕದ ಮಂಜು ಇನ್ನೂ ಗುಡ್ಡದಿಂದ ಇಳಿದಿರಲಿಲ್ಲ. ಪಕ್ಕದ ತೆಂಗಿನಕಾಯಿ ಅಂಗಡಿಯವನು ಬಾಗಿಲು ತೆಗೆದಿರಲಿಲ್ಲ. ದೇವರೊಬ್ಬನು ನೋಡುತ್ತಿದ್ದ, ಅವನು ಯಾವಾಗಲೂ ನೋಡುತ್ತಿರುವವನೇ ಎಂದುಕೊಂಡು ಎರಡೂ ಹೂಗಳನ್ನು ಬಾಳೆ ಎಲೆಯ ಚೂರಿನಲ್ಲಿ ಸುತ್ತಿಟ್ಟಳು.

ಮಗಳು ಯಶಸ್ವಿನಿ ಬೆಂಗಳೂರಿನ ಕಾಲೇಜಿನಲ್ಲಿ ಕಲ್ಲುಗಳ ವಿಷಯ ಓದುತ್ತಾಳೆ. ಅದಕ್ಕೆ ಜಿಯಾಲಜಿ ಅನ್ನಬೇಕು. ಸೇರಿದ ಹೊಸದರಲ್ಲಿ ಊರಿನ ಹೆಂಗಸರು, ‘ಏನ್ ರೂಪಾ, ಕಲ್ಲು ಹೊಡೆಯಕ್ಕೂ ಡಿಗ್ರಿ ಬಂತಾ?’ ಎಂದು ಕೇಳಿ ನಕ್ಕಿದ್ದರು. ಅಂದಿನಿಂದ ಯಾರಾದರೂ ಕೇಳಿದರೆ ರೂಪ ‘ಸೈನ್ಸು’ ಎಂದಷ್ಟೇ ಹೇಳುತ್ತಿದ್ದಳು. ಈಗ ಆ ಕಾಲೇಜಿನಿಂದ ಒಬ್ಬಳನ್ನೇ ಆರಿಸಿದ್ದಾರೆ. ಜನವರಿಯಿಂದ ಆರು ತಿಂಗಳು ಫಿನ್‌ಲೆಂಡಿನಲ್ಲಿ ಓದಿ, ಮತ್ತೆ ಇಲ್ಲಿಗೇ ಬಂದು ಡಿಗ್ರಿ ಮುಗಿಸಬೇಕು. ಖರ್ಚೆಲ್ಲ ಅವರದೇ. ಸುದ್ದಿ ಬಂದ ದಿನ ರೂಪ ಹೂ ಕಟ್ಟುತ್ತಾ ಕಟ್ಟುತ್ತಾ ದಾರಿಹೋಕರಿಗೆಲ್ಲ ಹೇಳಿದ್ದಳು. ಹೇಳುವಾಗ ಮಾರು ಹಾಕುವ ಕೈ ಉದ್ದವಾಗಿ, ಕೊಂಡವರಿಗೆಲ್ಲ ಒಂದು ಗೇಣು ಹೂ ಹೆಚ್ಚೇ ಹೋಗಿತ್ತು. ಬೆಂಗಳೂರಿನಿಂದ ಕಾರಿನಲ್ಲಿ ಬಂದಿದ್ದ ಹೆಂಗಸೊಬ್ಬಳು ಮಾತ್ರ ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿಕೊಂಡು, ‘ಓ, ಆ ತರದ್ದಾ? ನಮ್ಮ ಹುಡುಗನೂ ಹೋಗಿದ್ದ. ಓದೋದೇನಿರಲ್ಲಮ್ಮ, ಟೂರ್ ಇದ್ದಂಗೆ. ಫೋಟೋ ತಕ್ಕೊಂಡು ಬರ್ತಾರೆ, ಇಲ್ಲಿ ಒಂದ್ ಸೆಮಿಸ್ಟರ್ ಹಾಳು’ ಎಂದು ಹೇಳಿ, ಹೂವನ್ನು ಮೂಸಿ, ನಿನ್ನೆಯದಲ್ಲ ತಾನೆ ಎಂದು ಕೇಳಿ ಹೋದಳು. ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು. ಉಳಿದದ್ದಕ್ಕೆ ಒಂದು ಬಗೆಯ ಸಮಾಧಾನವೂ ಆಗಿತ್ತು ಎಂಬುದು ರೂಪಳಿಗೆ ಆಮೇಲೆ ಹೊಳೆದು, ಅವತ್ತು ರಾತ್ರಿ ಮಗಳ ಎದುರು ಕೂತು ಉಣ್ಣಲಾಗದೆ ಎದ್ದುಹೋಗಿದ್ದಳು.

ಗಂಡ ವೇಣುಗೋಪಾಲ್ ದೇವನಹಳ್ಳಿ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ಅವನನ್ನು ಕೇಳಿದರೆ, ‘ದಿನಾ ನೋಡ್ತೀನಿ ಕಣೇ. ಹೋಗೋವಾಗ ಎಲ್ರೂ ತಿರುಗಿ ತಿರುಗಿ ನೋಡ್ತಾರೆ. ಬರೋವಾಗ ಬರೀ ಫೋನ್ ನೋಡ್ತಾರೆ’ ಎಂದು ನಕ್ಕು, ಆಮೇಲೆ ಗಂಭೀರವಾಗಿ, ‘ನಿಮ್ಮಿಬ್ಬರಿಗೆ ಸರಿ ಕಂಡಂಗೆ ಮಾಡಿ. ಬಿಡೋಕೆ ಮಾತ್ರ ನಾನೇ ಹೋಗೋದು, ಬೇರೆ ಡ್ರೈವರ್ ಬೇಡ’ ಎಂದಿದ್ದ. ಅತ್ತೆಯ ತಕರಾರು ಬೇರೆ. ರೂಪಳಿಗೆ ಬಹಳ ಕಾಲ ಮಕ್ಕಳಾಗದೆ, ಲಕ್ಕಮ್ಮ ತಮ್ಮದೇ ಹೊಲದ ಹಾಸುಬಂಡೆಯಿಂದ ಒಂದು ತುಂಡು ಕಡಿಸಿ, ನಾಗರ ಹೆಡೆ ಕೆತ್ತಿಸಿ, ಎತ್ತಿನ ಗಾಡಿಯಲ್ಲಿ ತಂದು ಈ ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಹುಟ್ಟುವ ಮಗು ಮದುವೆಯಾಗುವವರೆಗೂ ಪುಷ್ಯದ ಷಷ್ಠಿಗೆ ತನ್ನ ಕೈಯಾರೆ ಆ ಕಲ್ಲಿಗೆ ಹಾಲೆರೆಯುತ್ತದೆ ಎಂಬ ಹರಕೆ ಅವರದು. ಮಗು ಹುಟ್ಟಿತು. ಒಂದು ವರ್ಷವೂ ತಪ್ಪಿರಲಿಲ್ಲ. ಜ್ವರದಲ್ಲಿದ್ದಾಗಲೂ ಕಂಬಳಿ ಹೊದಿಸಿ ಎತ್ತಿಕೊಂಡು ಬಂದು, ಅದರ ಪುಟ್ಟ ಅಂಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು ರೂಪ ಎರೆಸಿದ್ದಳು. ಜನವರಿಗೆ ಹೊರಟರೆ ಈ ಸಲದ ಷಷ್ಠಿ ತಪ್ಪುತ್ತದೆ. ‘ಅಲ್ಲಿ ಕೆರೆನೇ ಗಟ್ಟಿಯಾಗಿ ಜನ ಅದ್ರ ಮೇಲೆ ನಡೀತಾರಂತೆ. ಅಂತಾ ಊರಾಗೆ ನಾಗಪ್ಪ ಎಲ್ಲಿ ಬತ್ತಾನೆ? ಕಲ್ಲು ನೋಡಕ್ಕೆ ಕಲ್ಲು ಬುಟ್ಟು ಓಯ್ತಾಳಂತೆ!’ ಎಂದು ಲಕ್ಕಮ್ಮ ಗೊಣಗಿದ್ದರು. ಇವತ್ತು ಸಂಜೆಯೊಳಗೆ ಕಾಲೇಜಿನ ಮೇಡಂಗೆ ಹೌದೋ ಅಲ್ಲವೋ ಹೇಳಬೇಕು. ‘ನೀವು ಏನ್ ಅಂತೀರೋ ಅದೇ’ ಎಂದು ಯಶಸ್ವಿನಿ ಬ್ಯಾಗು ಕೆಳಗಿಟ್ಟು ಮನೆಯಲ್ಲೇ ಉಳಿದಿದ್ದಳು. ಇಷ್ಟು ದಿನ ಎಲ್ಲಕ್ಕೂ ವಾದ ಮಾಡುತ್ತಿದ್ದವಳು ಇದೊಂದಕ್ಕೆ ವಾದ ಮಾಡದೆ ಬಿಟ್ಟದ್ದೇ ರೂಪಳಿಗೆ ಭಾರವಾಗಿತ್ತು.

ಅಜ್ಜಿ ಮೊಮ್ಮಗಳು ಬಂದರು. ಲಕ್ಕಮ್ಮ ಮಡಿಸೀರೆ ಉಟ್ಟು, ಹಿತ್ತಾಳೆ ಚೊಂಬಿನಲ್ಲಿ ಹಾಲು ಹಿಡಿದು ಮುಂದೆ. ಹಿಂದೆ ಯಶು, ಕಿವಿಯ ಹತ್ತಿರ ಇನ್ನೂ ಒದ್ದೆ ಕೂದಲು. ಅವಳ ನಡಿಗೆಯನ್ನು ರೂಪ ನೋಡಿದಳು. ಕಾಲೇಜಿನವರು ಬೆಟ್ಟಗುಡ್ಡ ಸುತ್ತಿಸಿ ಸುತ್ತಿಸಿ ಹುಡುಗಿಯ ಕಾಲು ಗಟ್ಟಿಯಾಗಿದೆ. ಎತ್ತರ ತಗ್ಗು ನೋಡದೆ ನಡೆಯುತ್ತಾಳೆ. ಇವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಎಂಬ ಹೆಮ್ಮೆ ಎದೆಯಲ್ಲಿ ಎದ್ದು, ಅದರ ಬೆನ್ನಿಗೇ ಬಾಳೆ ಎಲೆಯಲ್ಲಿ ಸುತ್ತಿದ ಹೂಗಳ ನೆನಪು ಬಂದು ಮಂಕಾಯಿತು. ಅಂಗಡಿಗೆ ಗೋಣಿತಾಟು ಮುಚ್ಚಿ, ರೂಪ ಬಾಳೆ ಎಲೆಯನ್ನು ಸೆರಗಿನೊಳಗೆ ಸೇರಿಸಿ ಹೂಬುಟ್ಟಿ ಹಿಡಿದಳು. ಮೂವರೂ ಕಟ್ಟೆಯ ಕಡೆ ಹೊರಟರು. ಅಶ್ವತ್ಥದ ಬುಡದ ಸುತ್ತ ನೂರಾರು ನಾಗರಕಲ್ಲುಗಳು, ಒಂದಕ್ಕೊಂದು ಭುಜ ತಾಗಿಸಿ, ಅರಿಶಿನ ಕುಂಕುಮ ಎಣ್ಣೆಯಲ್ಲಿ ಕಪ್ಪಗೆ ಕೆಂಪಗೆ ಮೆತ್ತಿಕೊಂಡು ನಿಂತಿದ್ದವು. ಪ್ರತಿಯೊಂದರ ಹಿಂದೆಯೂ ಒಬ್ಬ ಹೆಂಗಸಿನ ಕಣ್ಣೀರಿದೆ ಎಂದು ರೂಪ ಯಾವಾಗಲೂ ಅಂದುಕೊಳ್ಳುತ್ತಾಳೆ. ಹಾಗೆ ಅಂದುಕೊಂಡೇ ಇಲ್ಲಿ ಚಪ್ಪಲಿ ಬಿಡುವಾಗ ಸದ್ದು ಮಾಡುವುದಿಲ್ಲ.

ಅವರ ಕಲ್ಲಿನ ಮುಂದೆ ಯಾರೋ ಕೂತಿದ್ದರು. ನೆರೆತ ಕೂದಲಿನ ಹೆಂಗಸು, ದೊಡ್ಡ ಮೂಗುಬಟ್ಟು, ಪಕ್ಕದಲ್ಲಿ ಸ್ಟೀಲಿನ ಡಬ್ಬಿ. ಕಲ್ಲಿನ ಮೇಲೆ ನೀರು ಸುರಿದು, ಹಳೇ ಕುಂಕುಮವನ್ನೆಲ್ಲ ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು.

‘ಏನಮ್ಮಾ, ಅದು ನಮ್ ಕಲ್ಲು’ ಎಂದರು ಲಕ್ಕಮ್ಮ.

ಹೆಂಗಸು ತಲೆಯೆತ್ತಿ ನಕ್ಕಳು. ‘ಲೇದಮ್ಮಾ, ನಮ್ದು ಇದು. ನಾವು ಹಿಂದೂಪುರದೋರು. ನನ್ ಮಗನಿಗೋಸ್ಕರ ಕರೀ ಕಲ್ಲಲ್ಲಿ ಕೆತ್ಸಿ ಇಡ್ಸಿದ್ದು.’

‘ನಿಮ್ ಮಗನಿಗೋ? ನನ್ನ ಮೊಮ್ಮಗಳು ಹಾಲೆರೆಯೋ ಕಲ್ಲು ಕಣಮ್ಮಾ ಇದು! ಈ ಮರದಿಂದ ಎಣ್ಸು, ಈ ಸಾಲು, ಈ ಮೂಲೆ. ನನ್ನ ಸೊಸೆ ಇಲ್ಲೇ ಅಂಗಡಿ ಇಟ್ಟವ್ಳೆ, ಕೇಳು ಬೇಕಾದ್ರೆ. ಲೇ ರೂಪಾ, ಏಳೇ ಇವಳ್ಗೆ!’

ರೂಪ ಕಲ್ಲಿನ ಹತ್ತಿರ ಬಗ್ಗಿದಳು. ಮರದಿಂದ ಎಣಿಸಿ ಬರುವುದು ನಿಜ. ಯಾವಾಗಲೂ ಎಣಿಸಿಯೇ ಬಂದದ್ದು. ಕಲ್ಲಿನ ಮುಖವನ್ನು ಕಂಡವರು ಯಾರು? ಕಂಡದ್ದು ಜಾಗವನ್ನು. ಹೆಡೆಯ ಮೇಲೆ ಅಂಗುಲ ದಪ್ಪ ಕುಂಕುಮ. ಎಲ್ಲ ನಾಗಪ್ಪಂದಿರೂ ಒಂದೇ ತರ. ಯಶು ಬಾಲವಾಡಿಗೆ ಹೋಗುತ್ತಿದ್ದ ವರ್ಷ ಅಶ್ವತ್ಥದ ದೊಡ್ಡ ಕೊಂಬೆ ಗಾಳಿಗೆ ಮುರಿದು ಬಿದ್ದು, ಸಾಲುಗಳೆಲ್ಲ ಉರುಳಿ, ಊರಿನವರೇ ಕೂಡಿ ಎತ್ತಿ ನಿಲ್ಲಿಸಿದ್ದರು. ಆಮೇಲೂ ತಾವು ಎಣಿಸಿಕೊಂಡೇ ಬಂದರಲ್ಲ ಎಂಬ ಯೋಚನೆ ತಣ್ಣನೆಯ ಹಾವಿನ ಹಾಗೆ ಬೆನ್ನ ಮೇಲೆ ಹರಿಯಿತು. ಅವಳು ಉತ್ತರ ಕೊಡುವ ಮೊದಲೇ ಲಕ್ಕಮ್ಮ, ‘ಹಿಂದೂಪುರದಿಂದ ಬಂದು ನಮ್ ದೇವ್ರನ್ನೇ ಕದಿಯಾಕಾ?’ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೆಂಗಸಿನ ಕಣ್ಣು ತುಂಬಿಕೊಂಡಿತು.

‘ಅಜ್ಜಿ, ಅವ್ರು ಹೇಳೋದು ಸರಿ’ ಎಂದಳು ಯಶಸ್ವಿನಿ. ‘ಇದು ನಮ್ಮದಲ್ಲ.’

ಅವಳು ಮಂಡಿಯೂರಿ ಕೂತು ತೊಳೆದ ಭಾಗದ ಮೇಲೆ ಅಂಗೈ ಆಡಿಸಿದಳು. ಕುಂಕುಮ ಹೋದ ಜಾಗದಲ್ಲಿ ಕಲ್ಲು ಒಂದೇ ಸಮನೆ ಕಪ್ಪಗೆ, ನುಣ್ಣಗೆ, ಕಾವಲಿಯ ಹಾಗೆ ಹೊಳೆಯುತ್ತಿತ್ತು. ‘ನಮ್ಮ ಹೊಲದ ಬಂಡೆ ನೆನಪಿದ್ಯಾ ಅಜ್ಜಿ? ರಾಗಿ ಒಣಗಾಕ್ತೀವಲ್ಲ. ಅದ್ರಲ್ಲಿ ಬಿಳೀದು ಕರೀದು ಪಟ್ಟೆ ಪಟ್ಟೆ ಇದೆ, ಹಾಲು ಕಲಸಿದಂಗೆ. ನೀನು ಅದ್ರಿಂದ್ಲೇ ತಾನೆ ಕಡಿಸಿದ್ದು? ಈ ಕಲ್ಲಲ್ಲಿ ಒಂದು ಗೆರೆನೂ ಇಲ್ಲ. ಇದು ಬೇರೆ ಕಲ್ಲು.’

ಲಕ್ಕಮ್ಮ ಬಗ್ಗಿ ನೋಡಿದರು. ಕಣ್ಣಿಗೆ ಕಾಣದೆ ಬೆರಳಲ್ಲಿ ಮುಟ್ಟಿದರು. ಮುಟ್ಟಿದ ಬೆರಳು ಅಲ್ಲೇ ನಿಂತಿತು. ಅವರ ಮುಖದಲ್ಲಿ ಕೋಪ ಇಳಿದು, ಅದರ ಜಾಗದಲ್ಲಿ ಬಂದ ದಿಕ್ಕೆಟ್ಟ ಭಾವವನ್ನು ರೂಪ ನೋಡಲಾರದೆ ಮರದ ಕಡೆ ತಿರುಗಿದಳು. ಎಷ್ಟು ಷಷ್ಠಿ! ಎಷ್ಟು ಚೊಂಬು ಹಾಲು! ಯಾರ ಕಲ್ಲಿಗೋ. ‘ಯಾವಾಗ ಗೊತ್ತಾಯ್ತು ನಿಂಗೆ?’ ಎಂದು ಮಗಳನ್ನು ಕೇಳಿದಳು.

‘ಹೋದ ವರ್ಷ’ ಎಂದು ಯಶು ಮೆಲ್ಲಗೆ ಹೇಳಿದಳು. ‘ಹಾಲೆರೆದಾಗ ಒಂದು ಕಡೆ ಕುಂಕುಮ ಕಿತ್ತು ಬಂತು. ನೋಡ್ಬಿಟ್ಟೆ. ಅಜ್ಜಿಗೆ ಹೇಳಕ್ಕೆ ಬಾಯಿ ಬರ್ಲಿಲ್ಲ.’

ಒಂದು ವರ್ಷ ಈ ಹುಡುಗಿ ಇದನ್ನು ಒಳಗಿಟ್ಟುಕೊಂಡು ತಿರುಗಿದ್ದಾಳೆ. ಅಜ್ಜಿಯ ನಂಬಿಕೆಗೆ ಪೆಟ್ಟಾಗಬಾರದೆಂದು ಬಾಯಿ ಕಟ್ಟಿಕೊಂಡವಳು, ಗುರುತಿಲ್ಲದ ಹೆಂಗಸನ್ನು ಕಳ್ಳಿ ಎಂದಾಗ ಮಾತ್ರ ಬಿಚ್ಚಿದಳು. ರೂಪ ಸೆರಗಿನೊಳಗಿನ ಬಾಳೆ ಎಲೆಯನ್ನು ಹಿಡಿದುಕೊಂಡಳು. ಯಾವಾಗ ಇಷ್ಟು ದೊಡ್ಡವಳಾದಳು? ನಾನು ಹೂ ಕಟ್ಟುತ್ತಾ ತಲೆ ಬಗ್ಗಿಸಿದ್ದಾಗಲೇ ಇರಬೇಕು. ಪುಸ್ತಕ ಇದನ್ನು ಕಲಿಸಿರಲಾರದು, ನಾನಂತೂ ಕಲಿಸಿಲ್ಲ. ನನಗೆ ಬಂದಿದ್ದರೆ ತಾನೆ ಕಲಿಸುವುದು ಎಂದುಕೊಂಡಳು. ಹಾಗೆಂದುಕೊಂಡಾಗ ನೋವಾಯಿತು. ಆ ನೋವಿನೊಳಗೇ, ಒದ್ದೆ ಮಣ್ಣಿನೊಳಗೆ ನೀರು ಒಸರುವ ಹಾಗೆ, ಹೆಮ್ಮೆ ಒಸರುತ್ತಿತ್ತು.

ಹಿಂದೂಪುರದ ಹೆಂಗಸು ಲಕ್ಕಮ್ಮನ ಕೈ ಹಿಡಿದುಕೊಂಡಿದ್ದಳು. ‘ಅಮ್ಮಾ, ನೀವೇನಾ ನಮ್ ಸಾಮಿಗೆ ಹಾಲು ಹಾಕ್ತಾ ಇದ್ದಿದ್ದು? ನಮ್ ಯಜಮಾನ್ರಿಗೆ ಲಕ್ವ ಹೊಡೆದ ಮೇಲೆ ಬರೋಕೇ ಆಗಿರ್ಲಿಲ್ಲಮ್ಮಾ. ಮಗ ದಿನಾ ಲಾರಿ ಮೇಲೆ ಇರ್ತಾನೆ. ಸಾಮಿ ಒಣಗಿ ನಿಂತಿರ್ತಾನೆ ಅಂತ ಅಳ್ತಿದ್ದೆ. ಬಂದು ನೋಡಿದ್ರೆ ಇಷ್ಟು ಕುಂಕುಮ! ನಾನಿನ್ನು ಯಾವ ಜನ್ಮಕ್ಕೆ ತೀರಿಸ್ಲಿ?’

ಲಕ್ಕಮ್ಮ ಸೊಂಟದ ಸೆರಗನ್ನು ಬಿಚ್ಚಿ ಮೂಗು ಒರೆಸಿಕೊಂಡರು. ‘ನಿಮ್ ಉಡ್ಗ ಎಂಗವ್ನೆ?’ ಎಂದರು.

‘ಚೆನ್ನಾಗಿದಾನಮ್ಮಾ. ಎರಡು ಸಲ ಲಾರಿ ಪಲ್ಟಿ ಆಯ್ತು. ಒಂದು ಗಾಯ ಇಲ್ಲ.’

‘ಮತ್ತೇನು! ನನ್ನ ಮೊಮ್ಮಗಳ ಕೈ ಹಾಲು ಅಂದ್ರೆ?’ ಎಂದು ಲಕ್ಕಮ್ಮ ಬೆನ್ನು ನೆಟ್ಟಗೆ ಮಾಡಿದರು. ‘ಇವಳೇ. ಕಲ್ಲು ಮುಟ್ಟಿ ಅದ್ರ ಜಾತಕ ಏಳ್ತಾಳೆ. ದೊಡ್ಡ ದೊಡ್ಡ ಓದು. ಫಾರಿನ್ನೋರು ಬಾರವ್ವ ಬಾರವ್ವ ಅಂತ ದಿನಾ ಫೋನ್ ಮಾಡ್ತವ್ರೆ.’

‘ಅಜ್ಜಿ!’ ಎಂದಳು ಯಶು.

‘ಸುಮ್ಕಿರು, ನಿಂಗೇನು ಗೊತ್ತು’ ಎಂದರು ಅಜ್ಜಿ. ನಿನ್ನೆ ರಾತ್ರಿವರೆಗೂ ‘ಕಲ್ಲು ಓದು’ ಎಂದು ಮೂದಲಿಸುತ್ತಿದ್ದ ಬಾಯಿ ಅದೇ. ರೂಪ ತಿದ್ದಲು ಹೋಗಲಿಲ್ಲ. ಆ ಸುಳ್ಳು ಕಿವಿಗೆ ಹಿತವಾಗಿತ್ತು.

ಹಿಂದೂಪುರದ ಹೆಂಗಸು ತನ್ನ ನಾಗಪ್ಪನಿಗೆ ಅರಿಶಿನ ಹಚ್ಚುತ್ತಾ ಉಳಿದಳು. ಇವರು ಮೂವರೂ ತಮ್ಮ ಕಲ್ಲನ್ನು ಹುಡುಕಿಕೊಂಡು ಹೊರಟರು. ಯಶು ತನ್ನ ಬ್ಯಾಗಿನಲ್ಲಿದ್ದ ಬಾಟಲಿಯ ನೀರಲ್ಲಿ ಬೆರಳು ಒದ್ದೆ ಮಾಡಿಕೊಂಡು, ಕಲ್ಲುಗಳ ಬೆನ್ನಿನ ಮೇಲೆ, ಯಾರೂ ಕುಂಕುಮ ಹಚ್ಚದ ಕಡೆ ಉಜ್ಜಿ ನೋಡುತ್ತಾ ಹೋದಳು. ರೂಪ ಅವಳ ಜೊತೆಯಲ್ಲೇ ಬಗ್ಗಿ ನಡೆದಳು. ಮೊಟ್ಟಮೊದಲ ಸಲ ಕೇಳಿದಳು: ‘ಅಲ್ಲ ಕಣೇ, ಅಲ್ಲಿರೋದೂ ನಮ್ಮ ಹೊಲದ ಬಂಡೆ ತರದ್ದೇ ಹಳೇ ಕಲ್ಲು ಅಂತ ನೀನೇ ಅಂದಿದ್ದೆ. ಮತ್ತೆ ಹೋಗಿ ಏನು ನೋಡ್ತೀಯ?’

ಯಶು ಒಂದು ಕಲ್ಲಿನ ಬೆನ್ನು ಉಜ್ಜಿದಳು, ಅಲ್ಲ ಎಂದು ತಲೆಯಾಡಿಸಿದಳು. ‘ನಿಜ ಹೇಳ್ಲಾ ಅಮ್ಮ? ಏನ್ ಸಿಗುತ್ತೋ ನಂಗೊತ್ತಿಲ್ಲ. ಇಲ್ಲಿ ನಾನು ಯಾವ ಕಲ್ಲು ನೋಡಿದ್ರೂ ಅದು ಮೊದ್ಲೇ ಯಾರದೋ ಆಗಿರುತ್ತೆ. ದೇವರು, ಇಲ್ಲ ಒರಳು, ಇಲ್ಲ ಚಿಕ್ಕಪ್ಪನ ಬದುವಿನ ಗುರುತು. ಬರೀ ಕಲ್ಲು ನಾನು ನೋಡೇ ಇಲ್ಲ. ನನ್ನೋರು ಯಾರೂ ಮುಟ್ಟದೇ ಇರೋ ಕಲ್ಲಿನ ಮುಂದೆ ಒಂದ್ಸಲ ನಿಂತ್ಕೋಬೇಕು. ಆಮೇಲೆ ಬಂದು ಇವನ್ನ ನೋಡಿದ್ರೆ ಹೆಂಗೆ ಕಾಣುತ್ತೋ ನೋಡ್ಬೇಕು. ಅಷ್ಟೇ. ಮೇಡಂಗೆ ಇದನ್ನ ಹೇಳಿಲ್ಲ, ನಗ್ತಾರೆ.’

ರೂಪಳಿಗೆ ಇದು ಪೂರ್ತಿ ತಿಳಿಯಲಿಲ್ಲ. ಆದರೆ ಫೋಟೋ ತೆಗೆದುಕೊಂಡು ಬರುವ ಮಾತಲ್ಲ ಇದು ಎಂದು ತಿಳಿಯಿತು. ತಾನು ಹುಡುಗಿಯಾಗಿದ್ದಾಗ ದೊಡ್ಡಬೆಳವಂಗಲದ ತವರಿನಲ್ಲಿ, ಮನೆಯ ಮಾಳಿಗೆ ಹತ್ತಿ ನಿಂತು, ದೂರದಲ್ಲಿ ನೀಲಿಯಾಗಿ ಕಾಣುತ್ತಿದ್ದ ಬೆಟ್ಟದ ಆಚೆಗೆ ಏನಿದೆ ಎಂದು ಅಪ್ಪನನ್ನು ಕೇಳಿದ್ದಳು. ಆಚೆಗೂ ಹೊಲಾನೇ ಮಗ, ಇಳಿ ಕೆಳಗೆ ಎಂದಿದ್ದ ಅಪ್ಪ. ಇಳಿದಿದ್ದಳು. ಆಚೆಗೂ ಹೊಲವೇ ಇದ್ದದ್ದು ನಿಜ. ಮದುವೆಯ ವ್ಯಾನಿನಲ್ಲಿ ಹೋಗುವಾಗ ನೋಡಿದಳು. ಆದರೆ ತಾನೇ ನಡೆದುಹೋಗಿ ನೋಡಿದ್ದರೆ ಅದು ಬೇರೆ ಹೊಲವಾಗಿರುತ್ತಿತ್ತೋ ಏನೋ. ಇಷ್ಟು ವರ್ಷ ಅವಳು ಇದನ್ನು ನೆನೆದಿರಲೇ ಇಲ್ಲ.

‘ಅಮ್ಮ, ಇಲ್ಲಿ!’

ಕಟ್ಟೆಯ ಹಿಂಬದಿಗೆ, ಮರದ ಬೇರೊಂದು ಉಬ್ಬಿ ಎದ್ದ ಕಡೆ, ಸ್ವಲ್ಪ ವಾಲಿಕೊಂಡು ನಿಂತಿತ್ತು ಅದು. ಒದ್ದೆಯಾದ ಬೆನ್ನಿನ ಮೇಲೆ ಬಿಳಿ ಕಪ್ಪು ಪಟ್ಟೆಗಳು ಅಲೆ ಅಲೆಯಾಗಿ ಹರಿದಿದ್ದವು. ಲಕ್ಕಮ್ಮ ಎರಡೂ ಕೈಯಿಂದ ಅದನ್ನು ತಬ್ಬಿಕೊಂಡು, ‘ಅಯ್ಯೋ ನಮ್ಮಪ್ಪ, ನಮ್ ಒಲದ ಬಂಡೆ ಕಣಪ್ಪ ನೀನು’ ಎಂದರು. ಮುಂಭಾಗಕ್ಕೆ ಬಂದು ನೋಡಿದರೆ ಅದೂ ಒಣಗಿರಲಿಲ್ಲ. ತಾಜಾ ಅರಿಶಿನವಿತ್ತು. ಬುಡದಲ್ಲಿ ಹಾಲು ಹರಿದ ಬಿಳಿ ಗುರುತಿತ್ತು. ಹೆಡೆಯ ಎಡಕ್ಕೊಂದು ಬಲಕ್ಕೊಂದು ಸೇವಂತಿಗೆಯ ಎಸಳು ಅಂಟಿಸಿ, ಯಾರೋ ಏನನ್ನೋ ಕೇಳಿ, ಉತ್ತರಕ್ಕೆ ಕಾಯಲಾಗದೆ ಹೋಗಿದ್ದರು. ಎರಡೂ ಎಸಳು ಇನ್ನೂ ಅಲ್ಲೇ ಇದ್ದವು.

‘ನಮ್ ಮಗೀಗೂ ಯಾರೋ ಎರೆದವ್ರೆ’ ಎಂದರು ಲಕ್ಕಮ್ಮ ಪಿಸುಗುಟ್ಟುತ್ತಾ. ಆಮೇಲೆ ಎಚ್ಚೆತ್ತು, ‘ಮುಟ್ಬೇಡ ರೂಪಾ. ಯಾರದೋ ಪ್ರಶ್ನೆ ಇನ್ನೂ ನಿಂತೈತೆ. ಅದು ಬೀಳೋಗಂಟ ನಾವು ಕೇಳಂಗಿಲ್ಲ.’

ಮೂವರೂ ಕೂತರು. ಮಂಜು ಕರಗಿ ಅಶ್ವತ್ಥದ ಎಲೆಗಳ ಮೇಲೆ ಬಿಸಿಲು ಇಳಿಯಿತು. ಗಂಡನ ಕುಡಿತಕ್ಕೋ, ಮಗುವಿನ ಜ್ವರಕ್ಕೋ, ಬಸುರಿಗೋ, ಕೋರ್ಟಿನ ಕೇಸಿಗೋ, ಏನನ್ನು ಕೇಳಿದ್ದಳೋ ಆ ಹೆಂಗಸು. ಅವಳ ಗುರುತು ತನಗಿಲ್ಲ, ತನ್ನ ಗುರುತು ಅವಳಿಗಿಲ್ಲ. ತನ್ನ ಮಗಳಿಗೆಂದು ನಿಂತ ಕಲ್ಲಿಗೆ ತನ್ನದೆಂದೇ ಅವಳು ಹಾಲೆರೆದಿದ್ದಾಳೆ. ತಾನು ಲಾರಿಯವನೊಬ್ಬನನ್ನು ಕಾಯ್ದಿದ್ದೇನೆ. ಯಾರ ಕೈಯ ಹಾಲು ಯಾರನ್ನು ಕಾಯುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳುವುದು ನಾಗಪ್ಪನ ಕೆಲಸ, ತನ್ನದಲ್ಲ. ಈ ಯೋಚನೆ ಬಂದಾಗ ರೂಪಳಿಗೆ ಉಸಿರು ಸಲೀಸಾಯಿತು. ಪ್ರಶ್ನೆ ಕೇಳಬೇಕಾದದ್ದು ಕಲ್ಲಿನ ಮುಂದೆ ಅಲ್ಲವೇ ಅಲ್ಲ. ಉತ್ತರ ತನ್ನ ಸೆರಗಿನೊಳಗೆ ಸುತ್ತಿಕೊಂಡು ಬಂದಿದ್ದಳಲ್ಲ, ಬೆಳಗಿನಿಂದ. ಕಳಿಸಲು ಮನಸ್ಸಿಲ್ಲದವಳು ದೇವರ ಬಾಯಲ್ಲಿ ಅದನ್ನು ಹೇಳಿಸಲು ಹೊರಟಿದ್ದಳು. ಬಾಳೆ ಎಲೆಯನ್ನು ಬಿಚ್ಚಿ, ಎರಡು ಕಣಗಿಲೆಗಳನ್ನು ಬುಟ್ಟಿಯ ಹೂಗಳ ನಡುವೆ ಹಾಕಿ, ಕೈಯಾಡಿಸಿ ಬೆರೆಸಿಬಿಟ್ಟಳು.

‘ಅತ್ತೆ, ಹೂ ಕೇಳೋದು ಬೇಡ’ ಎಂದಳು. ‘ಅವಳು ಹೋಗ್ಲಿ. ಷಷ್ಠಿಗೆ ನಾನು ಎರೀತೀನಿ. ನಾನೂ ಇಲ್ದಿದ್ರೆ ಯಾರಾದ್ರೂ ಎರೀತಾರೆ, ಕಂಡ್ರಲ್ಲ.’

ಲಕ್ಕಮ್ಮ ಕಲ್ಲಿಗೆ ಕೈ ಮುಗಿದರು. ‘ಮಂಜ್ಗಡ್ಡೆ ಮೇಲೆ ಕಾಲಿಕ್ಬೇಡ ಅನ್ನು ಅವಳ್ಗೆ’ ಎಂದರು, ಮೊಮ್ಮಗಳು ಅಲ್ಲೇ ಕೂತಿದ್ದರೂ.

ಯಶುವಿನ ಮುಖ ಅರಳಲಿಲ್ಲ. ಬಿಳಿಚಿಕೊಂಡಿತು. ಬ್ಯಾಗಿನಿಂದ ಫೋನು ತೆಗೆದಳು, ಮತ್ತೆ ಒಳಗಿಟ್ಟಳು. ‘ಅಮ್ಮ, ನೀನ್ ಹಿಂಗೆ ಹೇಳ್ಬಾರ್ದಿತ್ತು. ಹೂವೇ ಹೇಳ್ಲಿ ಅಂತಿದ್ದೆ ನಾನು. ಅಲ್ಲಿ ಹೋಗಿ ಏನೂ ಕಲೀದೆ ಬಂದ್ರೆ? ಇಲ್ಲೂ ಹಿಂದೆ ಬಿದ್ದು, ಅಲ್ಲೂ ಇಲ್ದೆ... ಹೂ ಹೇಳಿದ್ರೆ ತಪ್ಪಾದಾಗ ನಾಗಪ್ಪನ ಮೇಲೆ ಹಾಕ್ಬಹುದಿತ್ತು.’

ಇಷ್ಟು ದಿನ ಅವಳು ವಾದ ಮಾಡದೆ ಇದ್ದದ್ದು ಇದಕ್ಕೆ.

‘ನನ್ ಮೇಲೆ ಹಾಕು’ ಎಂದಳು ರೂಪ.

‘ಏನು?’

‘ತಪ್ಪಾದ್ರೆ ನನ್ ಮೇಲೆ ಹಾಕು. ನಮ್ಮಮ್ಮ ಕಳ್ಸಿದ್ಲು ಅನ್ನು. ಯಾರ್ ಕೇಳಿದ್ರೂ ಹಂಗೇ ಹೇಳು.’

ಯಶು ತಾಯಿಯನ್ನು ನೋಡಿದಳು, ಗುರುತಿಲ್ಲದ ಕಲ್ಲನ್ನು ನೋಡುವ ಹಾಗೆ, ಸುತ್ತಲೂ. ಆಮೇಲೆ ಫೋನು ತೆಗೆದುಕೊಂಡು ಎದ್ದು ಮರದ ಆಚೆಗೆ ಹೋದಳು. ಅವಳು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು. ಮೊದಲು ತಡವರಿಸಿ, ಆಮೇಲೆ ಸರಾಗವಾಗಿ, ಮನೆಯಲ್ಲಿ ಎಂದೂ ಕೇಳದ ಒಂದು ತಿಳಿಯಾದ ದನಿಯಲ್ಲಿ. ‘ಎಸ್ ಮೇಡಂ’ ಎಂಬುದೊಂದು ಬಿಟ್ಟು ರೂಪಳಿಗೆ ಏನೂ ಅರ್ಥವಾಗಲಿಲ್ಲ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಕೊನೆಯ ಮಾತಿನವರೆಗೂ ಕೇಳಿದಳು.